ಶಾಲೆ ಬಿಟ್ಟ ಮೇಲೆ ಹುಡುಗಿಯರ ಕೂಟ: ಹನ್ನೆರಡು ವಾರಗಳ ಕಾರ್ಯಕ್ರಮ ಕಟ್ಟುವ ಬಗೆ

ಹುಡುಗಿಯರ ಆತ್ಮವಿಶ್ವಾಸ ಹೆಚ್ಚಿಸಬೇಕು ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಒಳ್ಳೆಯ ಭಾಷಣಕಾರರನ್ನು. ಸಭಾಂಗಣ ತುಂಬುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಮರುದಿನ ತರಗತಿಯಲ್ಲಿ ಕೈ ಎತ್ತುವವರು ಮಾತ್ರ ಹಿಂದಿನ ದಿನ ಎತ್ತುತ್ತಿದ್ದವರೇ. "ಇದು ನನ್ನ ಕೈಲಾಗುತ್ತದೆ" ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರೇ ಮಾಡಿದ್ದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ನಾಲ್ಕರಲ್ಲಿ ಬಲವಾದದ್ದು ಮೊದಲನೆಯದು. ಭಾಷಣ ಮುಟ್ಟುವುದು ಮೂರನೆಯದನ್ನು ಮಾತ್ರ.

ಹಾಗಾಗಿ ಇಲ್ಲಿ ಹೇಳುವ ಕಾರ್ಯಕ್ರಮಕ್ಕೆ ಒಂದೇ ಬುನಾದಿ. ಪ್ರತಿ ಹುಡುಗಿಯೂ ತನಗೆ ಕಷ್ಟವೆನಿಸಿದ ಕೆಲಸವೊಂದನ್ನು ತನ್ನ ಕೈಯಾರೆ ಪೂರ್ತಿ ಮುಗಿಸಬೇಕು. ಮುಗಿದದ್ದು ಎಲ್ಲರ ಕಣ್ಣಿಗೂ ಕಾಣಬೇಕು. ಉಳಿದ ಏರ್ಪಾಡುಗಳೆಲ್ಲ, ಅಂದರೆ ಜಾಗ, ಹೊತ್ತು, ಗುಂಪಿನ ಗಾತ್ರ, ದೊಡ್ಡವರ ನಡವಳಿಕೆ, ಈ ಒಂದಕ್ಕೆ ದಾರಿ ಮಾಡಿಕೊಡಬೇಕು.

ಗುಂಪು, ಹೊತ್ತು, ಜಾಗ

ಒಂದು ಗುಂಪಿಗೆ 12ರಿಂದ 16 ಹುಡುಗಿಯರು, ನಡೆಸಲು ಇಬ್ಬರು ದೊಡ್ಡವರು. ಎಂಟಕ್ಕಿಂತ ಕಡಿಮೆಯಾದರೆ ಇಬ್ಬರು ಗೈರಾದ ದಿನ ಕೂಟ ಸೊರಗಿ ಕಾಣುತ್ತದೆ. ಇಪ್ಪತ್ತು ದಾಟಿದರೆ ಸುಮ್ಮನಿರುವವಳು ಸುಮ್ಮನೇ ಉಳಿಯಲು ಜಾಗ ಸಿಕ್ಕಿಬಿಡುತ್ತದೆ. ವಯಸ್ಸಿನ ಅಂತರ ಮೂರು ವರ್ಷ ಮೀರಬಾರದು. 10ರ ಹುಡುಗಿಯನ್ನೂ 16ರ ಹುಡುಗಿಯನ್ನೂ ಒಟ್ಟಿಗೆ ಕೂರಿಸಿದರೆ ಚಿಕ್ಕವಳು ನೋಡುತ್ತಾ ಕೂರುತ್ತಾಳೆ, ದೊಡ್ಡವಳು ಬೇಸರಪಡುತ್ತಾಳೆ.

ಹದಿಹರೆಯ ಬರಲಿ ಎಂದು ಕಾಯಬೇಡಿ. ಲಿನ್ ಬಿಯಾನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ವರ್ಷದ ಹುಡುಗಿಯರು "ತುಂಬಾ ತುಂಬಾ ಬುದ್ಧಿವಂತರು" ಯಾರೆಂದು ಕೇಳಿದರೆ ಹುಡುಗರಷ್ಟೇ ಸಲೀಸಾಗಿ ತಮ್ಮವರನ್ನು ತೋರಿಸಿದರು. ಆರರ ಹೊತ್ತಿಗೆ ಆ ಒಲವು ಇಳಿದಿತ್ತು, "ಬುದ್ಧಿವಂತರ ಆಟ" ಎಂದು ಹೆಸರಿಟ್ಟ ಆಟದಿಂದ ಅವರು ಹಿಂದೆ ಸರಿಯತೊಡಗಿದ್ದರು. ಹಾಗಾಗಿ 8ರಿಂದ 10ರ ವಯಸ್ಸಿನ ಗುಂಪೂ ಒಂದಿರಲಿ.

ವಾರಕ್ಕೆ ಎರಡು ದಿನ, ತಲಾ 90 ನಿಮಿಷ, 12 ವಾರ: ಒಟ್ಟು 36 ಗಂಟೆ. ದಿನಗಳು ಬದಲಾಗಕೂಡದು. ಮಂಗಳವಾರ ಮತ್ತು ಶುಕ್ರವಾರ ಎಂದರೆ ಕೊನೆಯವರೆಗೂ ಅವೇ, ಏಕೆಂದರೆ ಮನೆಯ ಕೆಲಸ, ತಮ್ಮ ತಂಗಿಯರ ಜವಾಬ್ದಾರಿ ಎಲ್ಲವೂ ಆ ದಿನಗಳ ಸುತ್ತ ಹೊಂದಿಕೊಳ್ಳಬೇಕು. ಪರೀಕ್ಷೆಯ ವಾರಗಳನ್ನು ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತಿಸಿ ಬಿಡುವು ಕೊಡಿ. ಮೂರು ದಿನದ ಶಿಬಿರ ಹುರುಪು ತರುತ್ತದೆ ನಿಜ, ಆದರೆ ಸೋತು, ಮನೆಗೆ ಹೋಗಿ ಯೋಚಿಸಿ, ಮರಳಿ ಬಂದು ಗೆಲ್ಲುವುದಕ್ಕೆ ಅದರಲ್ಲಿ ಎಡೆಯಿಲ್ಲ.

ಜಾಗ ನೋಡುವಾಗ ಮೊದಲು ಶೌಚಾಲಯ ನೋಡಿ. ಒಳಗಿನ ಚಿಲಕ ಸರಿಯಾಗಿ ಬೀಳಬೇಕು, ನೀರಿರಬೇಕು, ಮುಚ್ಚಳವಿರುವ ಕಸದ ಬುಟ್ಟಿ ಇರಬೇಕು, ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ ಪ್ಯಾಡುಗಳು ಅಲ್ಲೇ ಇರಬೇಕು. ಕೇಳಿ ಪಡೆಯಬೇಕಾದ ಕಡೆ ಹುಡುಗಿಯರು ಕೇಳುವುದಿಲ್ಲ. ತಿಂಗಳಿಗೆ ಎರಡು ಮೂರು ದಿನ ಗೈರಾಗುತ್ತಾರೆ, ಕಾರಣವನ್ನೂ ಹೇಳುವುದಿಲ್ಲ. ಎರಡನೆಯದಾಗಿ, ಕೊನೆಯ ಹುಡುಗಿ ಮನೆ ತಲುಪುವ ಹೊತ್ತಿಗೂ ಬೆಳಕಿರಬೇಕು. ಅತಿ ದೂರದವಳ ದಾರಿಯ ಸಮಯ ಹಿಡಿದು ಕೂಟ ಮುಗಿಸುವ ಗಂಟೆಯನ್ನು ಹಿಂದಕ್ಕೆ ಎಣಿಸಿ. ಮನೆಯವರು ಬೇಡ ಎನ್ನುವಾಗ ಪಾಠದ ವಿಷಯಕ್ಕಿಂತ ಈ ಹೊತ್ತಿನ ಚಿಂತೆಯೇ ಹೆಚ್ಚು ಸಲ ಅದರ ಹಿಂದಿರುತ್ತದೆ.

ಯಾರನ್ನು, ಹೇಗೆ ಸೇರಿಸಿಕೊಳ್ಳುವುದು

ಗೋಡೆಗೆ ಚೀಟಿ ಅಂಟಿಸಿ "ಆಸಕ್ತರು ಬನ್ನಿ" ಎಂದರೆ ಬರುವವರು ಈಗಾಗಲೇ ಧೈರ್ಯವಿರುವವರು. ಅವರೂ ಬೇಕು, ಅವರಿಂದಲೇ ತುಂಬಬಾರದು ಅಷ್ಟೆ. ಅರ್ಧ ಸ್ಥಾನಗಳನ್ನು ತೆರೆದ ಆಹ್ವಾನಕ್ಕೆ ಬಿಡಿ. ಇನ್ನರ್ಧಕ್ಕೆ ಶಿಕ್ಷಕರನ್ನು ಹೀಗೆ ಕೇಳಿ: "ಉತ್ತರ ಗೊತ್ತಿದ್ದೂ ಬಾಯಿ ಬಿಡದವರು ಯಾರು? ಕಳೆದ ವರ್ಷಕ್ಕಿಂತ ಈ ವರ್ಷ ಮಾತು ಕಡಿಮೆ ಮಾಡಿದವರು ಯಾರು?" "ಹಿಂದುಳಿದವರು ಯಾರು" ಎಂದು ಕೇಳಿದರೆ ಬೇರೆಯದೇ ಪಟ್ಟಿ ಬರುತ್ತದೆ. ಯಾವ ಪಟ್ಟಿಯಿಂದ ಬಂದೆ ಎಂಬುದು ಯಾವ ಹುಡುಗಿಗೂ ತಿಳಿಯಬಾರದು. "ನಿನಗೆ ಧೈರ್ಯ ಕಡಿಮೆ ಅಂತ ಆರಿಸಿದ್ದೇವೆ" ಎಂಬ ಸುಳಿವು ಸಿಕ್ಕರೂ ಮೊದಲ ದಿನವೇ ಬಾಗಿಲು ಮುಚ್ಚಿದಂತೆ. ಒಬ್ಬೊಬ್ಬಳನ್ನೇ ಕರೆಯುವ ಬದಲು ಗೆಳತಿಯೊಬ್ಬಳ ಜೊತೆಗೆ ಕರೆಯಿರಿ. ಜೋಡಿಯಾಗಿ ಬಂದವರು ಮೂರನೇ ವಾರವೂ ಬರುತ್ತಾರೆ.

ಕಾರ್ಯಕ್ರಮದ ಹೆಸರಿನಲ್ಲಿ "ಆತ್ಮವಿಶ್ವಾಸ", "ಸಬಲೀಕರಣ" ಬೇಡ. "ರಿಪೇರಿ ಕೂಟ", "ಸರ್ಕ್ಯೂಟ್ ಕೂಟ", "ನಕ್ಷೆ ಕೂಟ" ಎಂದು ಕೆಲಸದ ಹೆಸರೇ ಇರಲಿ. ನನಗೇನೋ ಕೊರತೆಯಿದೆ ಎಂದು ಒಪ್ಪಿಕೊಂಡು ಬರುವುದು ಯಾರಿಗೂ ಇಷ್ಟವಿಲ್ಲ, ಏನೋ ಕಲಿಯಲು ಬರುವುದು ಎಲ್ಲರಿಗೂ ಇಷ್ಟ.

ಮನೆಯವರ ಜೊತೆ ಮೊದಲೇ ಒಂದು ಸಲ ಮುಖಾಮುಖಿ ಮಾತಾಡಿ. ಒಂದು ಹಾಳೆಯಲ್ಲಿ ದಿನ, ಗಂಟೆ, ನಡೆಸುವ ಇಬ್ಬರ ಹೆಸರು, ಕರೆ ಮಾಡುವ ಸಂಖ್ಯೆ, ಹುಡುಗಿ ಹೇಗೆ ಮನೆಗೆ ಬರುತ್ತಾಳೆ, ಏನೇನು ಸಾಮಾನು ಬಳಸುತ್ತಾಳೆ ಎಂಬುದಿರಲಿ. ಫೋಟೊ ತೆಗೆಯಲು ಒಪ್ಪಿಗೆಯನ್ನು ಬೇರೆ ಸಾಲಿನಲ್ಲಿ ಕೇಳಿ. ಅದಕ್ಕೆ ಇಲ್ಲ ಎಂದವರ ಮಗಳಿಗೂ ಕೂಟದಲ್ಲಿ ಅದೇ ಜಾಗ.

90 ನಿಮಿಷ ಹೇಗೆ ಕಳೆಯಬೇಕು

ಮೊದಲ 10 ನಿಮಿಷ ಬಂದು ಸೇರುವುದಕ್ಕೆ, ಏನಾದರೂ ತಿನ್ನುವುದಕ್ಕೆ. ಶಾಲೆ ಮುಗಿಸಿ ಹಸಿದು ಬಂದವರಿಗೆ ಸೂಕ್ಷ್ಮ ಕೆಲಸದಲ್ಲಿ ತಾಳ್ಮೆ ಇರುವುದಿಲ್ಲ, ಆದ್ದರಿಂದ ಇದನ್ನು ಉಳಿತಾಯದ ಬಾಬತ್ತು ಮಾಡಬೇಡಿ. ಆಮೇಲೆ 5 ನಿಮಿಷ ವೃತ್ತದಲ್ಲಿ ನಿಂತು ಇವತ್ತಿನ ಕೆಲಸ ಏನು ಎಂದು ಹೇಳುವುದು. ಮುಂದಿನ 50 ನಿಮಿಷ ಕೈಕೆಲಸ. ಇದನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬಾರದು. ಗಣ್ಯರು ಬಂದರೂ ಕಾಯಲಿ. 10 ನಿಮಿಷ ಸಾಮಾನು ಎಣಿಸಿ ಎತ್ತಿಡುವುದು. ಕೊನೆಯ 15 ನಿಮಿಷ ಮಾತು: ಎಲ್ಲಿ ಸಿಕ್ಕಿಕೊಂಡೆ, ಹೇಗೆ ಬಿಡಿಸಿಕೊಂಡೆ, ಇನ್ನೂ ಏನು ಅರ್ಥವಾಗಿಲ್ಲ.

ಯಾವ ಕೌಶಲ?

ಆರಿಸುವಾಗ ನೋಡಬೇಕಾದದ್ದು ಇಷ್ಟು. ಕೆಲಸ ಆಯಿತೋ ಇಲ್ಲವೋ ಎಂಬುದನ್ನು ದೊಡ್ಡವರು ಹೇಳಬೇಕಾಗಬಾರದು, ವಸ್ತುವೇ ಹೇಳಬೇಕು: ದೀಪ ಹೊತ್ತಿತು, ಚಕ್ರದಲ್ಲಿ ಗಾಳಿ ನಿಂತಿತು, ಪ್ರೋಗ್ರಾಂ ಓಡಿತು. ಮೊದಲ ಯತ್ನದಲ್ಲೇ ಆಗಿಬಿಡುವಷ್ಟು ಸುಲಭವಿರಬಾರದು, ಒಂದು ಗಂಟೆಯೊಳಗೆ ಒಂದು ಚಿಕ್ಕ ಗೆಲುವಾದರೂ ಸಿಗಬೇಕು. ಮನೆಗೆ ಹೋಗಿ ತೋರಿಸುವಂತಿರಬೇಕು. ಓಟವೂ ಈ ಕಟ್ಟಳೆಗೆ ಒಗ್ಗುತ್ತದೆ. ಅಮೆರಿಕದ ಷಾರ್ಲೆಟ್ ನಗರದಲ್ಲಿ 1996ರಲ್ಲಿ ಶುರುವಾದ 'ಗರ್ಲ್ಸ್ ಆನ್ ದ ರನ್' ಶಾಲೆ ಬಿಟ್ಟ ಮೇಲಿನ ಕಾರ್ಯಕ್ರಮ. ಅದರ ಪ್ರತಿ ಸರಣಿಯೂ 5 ಕಿಲೋಮೀಟರ್ ಓಟದಲ್ಲಿ ಮುಗಿಯುತ್ತದೆ. ಅಲ್ಲಿ ಗುರಿ ದಾಟಿದೆಯೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಎರಡು ಕೆಲಸಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ. ಒಂದು ಮೊದಲ ವಾರಕ್ಕೆ, ಇನ್ನೊಂದು 12 ವರ್ಷ ದಾಟಿದವರಿಗೆ.

ಕಾಗದದ ಟಾರ್ಚ್. ಒಬ್ಬೊಬ್ಬರಿಗೆ ಬೇಕಾದ್ದು: ಸಿಆರ್2032 ಗುಂಡಿ ಸೆಲ್ ಒಂದು (3 ವೋಲ್ಟ್), ಎಲ್‌ಇಡಿ ಎರಡು, 5 ಮಿಲಿಮೀಟರ್ ಅಗಲದ ತಾಮ್ರದ ಟೇಪು 40 ಸೆಂಟಿಮೀಟರ್, ಅಂಗೈ ಗಾತ್ರದ ದಪ್ಪ ಕಾಗದ, ಕಾಗದ ಹಿಡಿಯುವ ಕ್ಲಿಪ್ಪು, ಪಾರದರ್ಶಕ ಟೇಪು. ಮೊದಲು ಏನನ್ನೂ ಅಂಟಿಸದೆ ಸೆಲ್ಲಿನ ಎರಡು ಬದಿಗೆ ಎಲ್‌ಇಡಿಯ ಎರಡು ಕಾಲು ತಾಗಿಸಿ ಹೊತ್ತಿಸಲಿ. ಉದ್ದ ಕಾಲು ಪ್ಲಸ್ ಕಡೆಗೆ. ತಿರುಗಾಮುರುಗಾ ಹಿಡಿದರೆ ಹೊತ್ತುವುದಿಲ್ಲ, 3 ವೋಲ್ಟಿಗೆ ಸುಡುವುದೂ ಇಲ್ಲ, ಆದ್ದರಿಂದ ಯಾವ ಕಾಲು ಯಾವುದಕ್ಕೆ ಎಂದು ನೀವು ಹೇಳಬೇಡಿ, ಅವರೇ ಕಂಡುಕೊಳ್ಳಲಿ. ನಂತರ ಕಾಗದದ ಮೇಲೆ ದಾರಿ ಬರೆದು, ಅದರ ಮೇಲೆ ತಾಮ್ರದ ಟೇಪು ಅಂಟಿಸಿ, ಒಂದು ಮೂಲೆಯನ್ನು ಮಡಚಿ ಸೆಲ್ಲಿನ ಮೇಲೆ ಕೂರುವ ಹಾಗೆ ಮಾಡಿ ಕ್ಲಿಪ್ಪು ಹಾಕುವುದು.

ಇಲ್ಲಿ ಕೆಡುವುದು ಹೀಗೆ. ತಿರುವಿನಲ್ಲಿ ಟೇಪನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ನಡುವಿನ ಅಂಟು ಹಲವು ಸಲ ವಿದ್ಯುತ್ತನ್ನು ತಡೆಯುತ್ತದೆ. ಕತ್ತರಿಸದೆ ಮಡಚಿ ತಿರುಗಿಸಬೇಕು. ಎರಡು ದಾರಿ ಎಲ್ಲೋ ಒಂದಕ್ಕೊಂದು ತಾಗಿದರೆ ಶಾರ್ಟ್ ಆಗಿ ದೀಪ ಆರುತ್ತದೆ, ಸೆಲ್ ಬೇಗ ಖಾಲಿಯಾಗುತ್ತದೆ. ಕೆಂಪು ಮತ್ತು ಬಿಳಿ ಎಲ್‌ಇಡಿಗಳನ್ನು ಒಂದೇ ಸೆಲ್ಲಿಗೆ ಅಕ್ಕಪಕ್ಕ ಜೋಡಿಸಿದರೆ ಕೆಂಪು ಮಾತ್ರ ಹೊತ್ತುತ್ತದೆ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ ಸುಮಾರು 3 ಬೇಕು. ಕೆಂಪು ಸೆಲ್ಲಿನ ವೋಲ್ಟೇಜನ್ನು ತನ್ನ ಮಟ್ಟಕ್ಕೆ ಇಳಿಸಿಕೊಂಡಾಗ ಬಿಳಿಗೆ ಸಾಲುವುದಿಲ್ಲ. ಬೇಕೆಂದೇ ಇದನ್ನು ಮಾಡಿಸಿ ನೋಡಿ, ಹತ್ತು ನಿಮಿಷದ ಒಳ್ಳೆಯ ಚರ್ಚೆ ತಾನಾಗಿ ಹುಟ್ಟುತ್ತದೆ. 9 ವೋಲ್ಟಿನ ಬ್ಯಾಟರಿ ಮಾತ್ರ ಕೈಗೆ ಸಿಗದಂತಿರಲಿ, ನೇರ ತಾಗಿಸಿದರೆ ಎಲ್‌ಇಡಿ ತಕ್ಷಣ ಸುಟ್ಟುಹೋಗುತ್ತದೆ.

ಗುಂಡಿ ಸೆಲ್ಲುಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ವಾಪಸು ಪಡೆಯಿರಿ. ಚಿಕ್ಕ ಮಕ್ಕಳು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿ ಎರಡೇ ಗಂಟೆಯಲ್ಲಿ ಆಳವಾದ ಸುಟ್ಟಗಾಯ ಮಾಡಬಲ್ಲದು. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿರುವವರಿಗೆ ಟಾರ್ಚನ್ನು ಸೆಲ್ ಇಲ್ಲದೆ ಕಳಿಸಿ, ಕಾರಣವನ್ನೂ ಸರಿಯಾಗಿ ಹೇಳಿ. ಖಾಲಿಯಾದ ಸೆಲ್ಲುಗಳಿಗೆ ಎರಡೂ ಬದಿ ಟೇಪು ಸುತ್ತಿ ಬೇರೆ ಡಬ್ಬಿಯಲ್ಲಿಡಿ.

ಸೈಕಲ್ ಪಂಕ್ಚರ್. ಮೂವರಿಗೆ ಒಂದು ಚಕ್ರ, ಟೈರ್ ಎಬ್ಬಿಸುವ ಲಿವರ್ ಎರಡು, ಪಂಪು, ಅಗಲ ಪಾತ್ರೆಯಲ್ಲಿ ನೀರು, ಉಜ್ಜುವ ಕಾಗದ, ಸಲ್ಯೂಷನ್ (ಪ್ಯಾಚು ಹಿಡಿಸುವ ಅಂಟು), ಪ್ಯಾಚುಗಳು, ಗುರುತಿಗೆ ಪೆನ್ನು.

1. ಉಳಿದ ಗಾಳಿ ಪೂರ್ತಿ ಬಿಟ್ಟು, ವಾಲ್ವಿನ ಎದುರು ಬದಿಯಿಂದ ಲಿವರ್ ಹಾಕಿ ಟೈರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ ಟ್ಯೂಬ್ ಹೊರತೆಗೆಯಿರಿ.
2. ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತಾ ಗುಳ್ಳೆ ಬರುವ ಜಾಗ ಹುಡುಕಿ. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ, ಸುತ್ತು ಮುಗಿಸಿ.
3. ಒರೆಸಿ ಒಣಗಿಸಿ, ಗುರುತು ಹಾಕಿ, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಉಜ್ಜಿ ಹೊಳಪು ತೆಗೆಯಿರಿ.
4. ಸಲ್ಯೂಷನ್ ತೆಳುವಾಗಿ ಹಚ್ಚಿ ಸುಮಾರು ಐದು ನಿಮಿಷ ಬಿಡಿ. ಹಸಿ ಹೊಳಪು ಹೋಗಿರಬೇಕು.
5. ಪ್ಯಾಚ್ ಇಟ್ಟು ನಡುವಿನಿಂದ ಅಂಚಿನ ಕಡೆಗೆ ಬಲವಾಗಿ ಒತ್ತಿ.
6. ಟೈರಿನ ಒಳಗೆ ಬಟ್ಟೆಯಿಂದ ನಿಧಾನ ಸವರಿ ಮುಳ್ಳು, ಗಾಜು ಹುಡುಕಿ ತೆಗೆಯಿರಿ.
7. ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿ ಒಳಗೆ ಕೂರಿಸಿ, ಟೈರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಸೇರಿಸಿ.

ಪ್ಯಾಚು ಕಿತ್ತುಬರುವುದಕ್ಕೆ ಮುಖ್ಯ ಕಾರಣ ನಾಲ್ಕನೇ ಹಂತದ ಅವಸರ. ಮರುದಿನ ಮತ್ತೆ ಪಂಕ್ಚರ್ ಆಗುವುದು ಆರನೇ ಹಂತ ಬಿಟ್ಟವರಿಗೆ. ಕೊನೆಯಲ್ಲಿ ಲಿವರ್ ಹಾಕಿ ಮೀಟಿದರೆ ಟ್ಯೂಬ್ ಚಿವುಟಿಕೊಂಡು ಅಕ್ಕಪಕ್ಕ ಎರಡು ಹೊಸ ತೂತುಗಳಾಗುತ್ತವೆ. ಸಲ್ಯೂಷನ್ ಬಳಸುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಹನ್ನೆರಡು ವಾರಗಳ ಏರು

ಮೊದಲ ಎರಡು ವಾರ ಟಾರ್ಚಿನಂಥ ಚಿಕ್ಕ ಗೆಲುವುಗಳು. ಮೂರರಿಂದ ಆರನೇ ವಾರದವರೆಗೆ ಮುಖ್ಯ ಕೌಶಲ. ಐದನೇ ವಾರದ ಹೊತ್ತಿಗೆ ಹೊಸತನ ಕಳೆದು ಕಷ್ಟ ಮಾತ್ರ ಉಳಿದಿರುತ್ತದೆ, ಹಾಜರಾತಿ ಕುಸಿಯುವುದೂ ಆಗಲೇ. ಆ ವಾರ ಹೊಸ ವಿಷಯ ಎತ್ತಿಕೊಳ್ಳದೆ, ಮೊದಲ ವಾರ ಮಾಡಿದ್ದನ್ನು ಅರ್ಧ ಹೊತ್ತಿನಲ್ಲಿ ಮತ್ತೆ ಮಾಡಿಸಿ. ತನ್ನ ಕೈ ಎಷ್ಟು ಚುರುಕಾಗಿದೆ ಎಂದು ಅವಳಿಗೇ ಕಾಣುತ್ತದೆ.

ಏಳು ಮತ್ತು ಎಂಟನೇ ವಾರ ನಮ್ಮ ಮಟ್ಟಿಗೆ ಇಡೀ ಕಾರ್ಯಕ್ರಮದ ಜೀವಾಳ: ಕೆಟ್ಟದ್ದನ್ನು ಹುಡುಕುವ ಕೆಲಸ. ನಡೆಸುವವರು ಮೊದಲೇ ಕೂತು ಎಂಟು ಹತ್ತು ವಸ್ತುಗಳನ್ನು ಬೇಕೆಂದೇ ಕೆಡಿಸಿಡಬೇಕು. ಒಂದರಲ್ಲಿ ಸೆಲ್ ತಿರುವುಮುರುವು, ಒಂದರಲ್ಲಿ ಸೆಲ್ಲೇ ಖಾಲಿ, ಒಂದರಲ್ಲಿ ಹೊರಗಿನ ಪ್ಲಾಸ್ಟಿಕ್ ಸರಿಯಿದ್ದು ಒಳಗಿನ ತಂತಿ ತುಂಡು, ಒಂದರಲ್ಲಿ ಎರಡು ತಪ್ಪುಗಳು ಒಟ್ಟಿಗೆ. ಪ್ರತಿಯೊಂದಕ್ಕೂ ಅಂಕಿ ಬರೆದು, ಏನು ಕೆಡಿಸಿದ್ದೀರಿ ಎಂದು ಗುಟ್ಟಾಗಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮಗೇ ಮರೆಯುತ್ತದೆ. ಇಬ್ಬಿಬ್ಬರಿಗೆ ಒಂದು ವಸ್ತು, ಒಂದು ಹಾಳೆ. ಹಾಳೆಯಲ್ಲಿ ಮೂರೇ ಅಂಕಣ: ಏನು ಅನುಮಾನ, ಏನು ಮಾಡಿ ನೋಡಿದೆವು, ಏನಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದೊಂದೇ ನಿಯಮ. ಎಲ್ಲವನ್ನೂ ಬಿಚ್ಚಿ ಮರುಜೋಡಿಸಿದವರಿಗೆ ದೀಪವೇನೋ ಹೊತ್ತಬಹುದು, ಯಾಕೆ ಹೊತ್ತಿತು ಎಂದು ಗೊತ್ತಾಗುವುದಿಲ್ಲ.

ಈ ಎರಡು ವಾರಗಳಲ್ಲಿ ಸೋಲಿನ ಅರ್ಥವೇ ಬದಲಾಗುತ್ತದೆ. ದೀಪ ಹೊತ್ತದಿದ್ದರೆ "ನನಗೆ ಬರಲ್ಲ" ಎನ್ನುತ್ತಿದ್ದವಳು "ಎಲ್ಲೋ ಕಟ್ ಆಗಿದೆ" ಎನ್ನತೊಡಗುತ್ತಾಳೆ. ತಪ್ಪು ತನ್ನೊಳಗಿಲ್ಲ, ತಂತಿಯಲ್ಲಿದೆ, ಹುಡುಕಿದರೆ ಸಿಗುತ್ತದೆ ಎಂಬ ತಿಳಿವು ಇದು.

ಒಂಬತ್ತು, ಹತ್ತರಲ್ಲಿ ತಾನೇ ಆರಿಸಿದ ಕೆಲಸ. ಹನ್ನೊಂದರಲ್ಲಿ ತನಗಿಂತ ಎರಡು ಮೂರು ವರ್ಷ ಚಿಕ್ಕವರಿಗೆ ಟಾರ್ಚ್ ಕಲಿಸುವುದು. ಹನ್ನೆರಡರಲ್ಲಿ ಮನೆಯವರ ಮುಂದೆ ತೆರೆದ ದಿನ.

ದೊಡ್ಡವರ ಕೈ ಮತ್ತು ಬಾಯಿ

ಕೈಕೆಲಸದ 50 ನಿಮಿಷ ನಡೆಸುವವರು ಹುಡುಗಿಯ ಕೈಯಿಂದ ಸಾಮಾನು ತೆಗೆದುಕೊಳ್ಳಬಾರದು. ಅಪಾಯವಿದ್ದರೆ ಮಾತ್ರ ಹೊರತು. "ಇಲ್ಲಿ ಕೊಡು, ತೋರಿಸ್ತೀನಿ" ಎಂಬ ಮೂರು ಪದ ಅರ್ಧ ಗಂಟೆಯ ಶ್ರಮವನ್ನು ಅವಳದಲ್ಲದಂತೆ ಮಾಡುತ್ತದೆ. ತೋರಿಸಲೇಬೇಕಾದರೆ ನಿಮ್ಮದೇ ಇನ್ನೊಂದು ವಸ್ತುವಿನಲ್ಲಿ ತೋರಿಸಿ, ತಕ್ಷಣ ಬಿಚ್ಚಿಹಾಕಿ. ಅವಳು ಸಹಾಯ ಕೇಳಿದಾಗ ಮೊದಲು ಈ ಮೂರು ಪ್ರಶ್ನೆ: ಏನಾಗಬೇಕಿತ್ತು? ಏನಾಗ್ತಿದೆ? ಇಲ್ಲಿಯವರೆಗೆ ಏನು ಮಾಡಿ ನೋಡಿದೆ? ಮೂರಕ್ಕೆ ಉತ್ತರಿಸುವಷ್ಟರಲ್ಲಿ ಅನೇಕ ಸಲ ದಾರಿ ಅವಳಿಗೇ ಹೊಳೆದಿರುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳನ್ನು ಗಮನಿಸಿ ಕಂಡದ್ದೇನೆಂದರೆ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡ್ ಅಷ್ಟೇ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಮಾತಾಡದವರೂ ಬಾಯಿಬಿಟ್ಟರು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಶುರುವಿನಲ್ಲಿ ಆ ಮೌನ ನಡೆಸುವವರಿಗೇ ಕಷ್ಟ.

ಹೊಗಳಿಕೆಯಲ್ಲಿ "ಜಾಣೆ", "ಬುದ್ಧಿವಂತೆ" ಬಿಟ್ಟುಬಿಡಿ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿಗಾಗಿ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಕಷ್ಟದ ಒಗಟುಗಳಲ್ಲಿ ಸೋತ ಮೇಲೆ ಮುಂದುವರಿಯಲು ಅಷ್ಟಾಗಿ ಬಯಸಲಿಲ್ಲ. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಮುಂದುವರಿಯಲು ಹೆಚ್ಚು ಬಯಸಿದರು. ಹಾಗೆಂದು ಎಲ್ಲದಕ್ಕೂ "ಚೆನ್ನಾಗಿ ಪ್ರಯತ್ನ ಪಟ್ಟೆ" ಎಂದರೂ ಪೊಳ್ಳೆನಿಸುತ್ತದೆ. ಕಣ್ಣಿಗೆ ಕಂಡದ್ದನ್ನೇ ಹೇಳಿ: "ಎರಡು ಸಲ ಆಗಲಿಲ್ಲ ಅಂತ ಮೂರನೇ ಸಲ ಸೆಲ್ ಬದಲಿಸಿ ನೋಡಿದ್ಯಲ್ಲ, ಅಲ್ಲೇ ತಪ್ಪು ಸಿಕ್ಕಿತು." ಬಟ್ಟೆ, ಮುಖ, ಮೈಕಟ್ಟಿನ ಬಗ್ಗೆ ಒಳ್ಳೆಯ ಮಾತೂ ಬೇಡ, ಕೆಟ್ಟ ಮಾತೂ ಬೇಡ.

ಗುಂಪುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಕ್ಷರ ದುಂಡಗಿರುವವಳು ಪ್ರತಿ ಸಲವೂ ಬರೆಯುವವಳಾಗುತ್ತಾಳೆ, ಮುನ್ನುಗ್ಗುವವಳ ಕೈಯಲ್ಲೇ ಸ್ಕ್ರೂಡ್ರೈವರ್ ಉಳಿಯುತ್ತದೆ. 12 ವಾರ ಕಳೆದರೂ ಮೊದಲನೆಯವಳು ಒಂದು ತಿರುಪನ್ನೂ ಬಿಗಿದಿರುವುದಿಲ್ಲ. ಕೈಕೆಲಸದ ನಡುವೆ 25ನೇ ನಿಮಿಷಕ್ಕೆ ಗಂಟೆ ಬಾರಿಸಿ ಕೆಲಸ ಅದಲು ಬದಲು ಮಾಡಿಸಿ, ತಪ್ಪದೆ. ಹುಡುಗರೂ ಇರುವ ಮಿಶ್ರ ಗುಂಪಾದರೆ ಈ ಗಂಟೆ ಇನ್ನೂ ಅಗತ್ಯ.

ಮಾತಿನ ಮೆಟ್ಟಿಲು

ವೇದಿಕೆ ಹತ್ತಿಸಿ ಮೈಕ್ ಕೊಡುವುದು ಕೊನೆಯ ಮೆಟ್ಟಿಲು. ಎರಡನೇ ವಾರ ಜೊತೆಯವಳಿಗೆ 30 ಸೆಕೆಂಡ್, ನಾಲ್ಕನೇ ವಾರ ನಾಲ್ವರ ಮುಂದೆ 1 ನಿಮಿಷ, ಎಂಟನೇ ವಾರ ಇಡೀ ಗುಂಪಿಗೆ 2 ನಿಮಿಷ, ಕೊನೆಗೆ ಹೊರಗಿನವರ ಮುಂದೆ 5 ನಿಮಿಷ. ಯಾವಾಗಲೂ ಕೈಯಲ್ಲಿ ತಾನು ಮಾಡಿದ ವಸ್ತುವಿರಲಿ: ಕೇಳುವವರ ಕಣ್ಣು ಅದರ ಮೇಲಿರುತ್ತದೆ, ನಡುಗುವ ಕೈಗೂ ಕೆಲಸ ಸಿಗುತ್ತದೆ. ಧ್ವನಿಗಾಗಿ ಇಬ್ಬರನ್ನು ಎದುರು ಬದುರು ನಿಲ್ಲಿಸಿ, ಪ್ರತಿ ವಾಕ್ಯಕ್ಕೂ ಒಂದೊಂದು ಹೆಜ್ಜೆ ಹಿಂದೆ ಸರಿಸುತ್ತಾ, ಹತ್ತು ಹೆಜ್ಜೆ ದೂರದಿಂದಲೂ ಕೇಳುವಂತೆ ಮಾತಾಡಿಸಿ. ಎದೆ ಡವಡವ ಎನ್ನುವುದು ಹೆದರಿಕೆಯ ಗುರುತಷ್ಟೇ ಅಲ್ಲ, ಓಟಕ್ಕೆ ಮುಂಚೆಯೂ ಹಾಗೆಯೇ ಆಗುತ್ತದೆ ಎಂದು ಹೇಳಿಕೊಡಿ. ನಾಲ್ಕು ಎಣಿಸುತ್ತಾ ಉಸಿರೆಳೆದು ಆರು ಎಣಿಸುತ್ತಾ ಬಿಡುವುದನ್ನು ಐದು ಸಲ ಮಾಡಿಸಿ. ಕೇಳಿದವರು ಹೇಳಬೇಕಾದ್ದು ಎರಡೇ: ನನಗೆ ನೆನಪಿನಲ್ಲಿ ಉಳಿದದ್ದು ಇದು, ನನ್ನ ಪ್ರಶ್ನೆ ಇದು. "ಇನ್ನೂ ಜೋರಾಗಿ ಮಾತಾಡಬಹುದಿತ್ತು" ಎಂಬ ಸಲಹೆ ಬೇಡ.

ಅತಿಥಿಗಳು

ಡೇವಿಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳಿಗೆ ವಿಜ್ಞಾನಿಯ ಚಿತ್ರ ಬರೆಯಲು ಹೇಳಿದಾಗ ಮಹಿಳೆಯ ಚಿತ್ರ ಬಂದದ್ದು 28 ಮಾತ್ರ, ಆ 28ನ್ನೂ ಬರೆದವರು ಹುಡುಗಿಯರೇ. ಕಣ್ಣೆದುರು ಕಾಣಿಸುವುದು ಇದಕ್ಕಾಗಿ ಮುಖ್ಯ. ಆದರೆ ತೀರಾ ಎತ್ತರದ ಸಾಧಕಿಯನ್ನು ಕರೆತಂದರೆ "ಅವರು ಬೇರೆಯೇ ಬಿಡಿ" ಎನಿಸಿಬಿಡುತ್ತದೆ. ಐದರಿಂದ ಹತ್ತು ವರ್ಷ ದೊಡ್ಡವರು, ಇಂಥದೇ ಮನೆ, ಇಂಥದೇ ಶಾಲೆಯಿಂದ ಬಂದವರು ಒಳ್ಳೆಯ ಆಯ್ಕೆ. 12 ವಾರದಲ್ಲಿ ಇಬ್ಬರು ಸಾಕು. ಭಾಷಣ ಬೇಡ, ತಮ್ಮ ಕೆಲಸದ ಒಂದು ಸಾಮಾನು ತಂದು ಅದರಲ್ಲಿ ಏನಾದರೂ ಮಾಡಿಸಲಿ, ತಾವು ಸಿಕ್ಕಿಕೊಂಡ ಒಂದು ಘಟ್ಟವನ್ನು ವಿವರವಾಗಿ ಹೇಳಲಿ.

ಸುರಕ್ಷತೆ

ಇದರಲ್ಲಿ ರಾಜಿಯಿಲ್ಲ. ನಡೆಸುವವರ ಹಿನ್ನೆಲೆ ವಿಚಾರಿಸಿಯೇ ತೆಗೆದುಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು ಒಬ್ಬ ಹುಡುಗಿಯ ಜೊತೆ ಇರಕೂಡದು. ಖಾಸಗಿ ಸಂದೇಶ ಕೂಡದು, ಮನೆಯವರೂ ಇರುವ ಗುಂಪಿನಲ್ಲಷ್ಟೇ ಸಂದೇಶ. ಹುಡುಗಿಯೊಬ್ಬಳು ತನಗಾಗುತ್ತಿರುವ ಹಿಂಸೆಯ ಬಗ್ಗೆ ಬಾಯಿಬಿಟ್ಟರೆ ಸಮಾಧಾನದಿಂದ ಕೇಳಿ, ಹೇಳಿದ್ದು ಒಳ್ಳೆಯದಾಯಿತು ಎನ್ನಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಸಹಾಯ ಮಾಡಬಲ್ಲವರಿಗೆ ಹೇಳಬೇಕಾಗುತ್ತದೆ ಎಂದು ತಿಳಿಸಿ. ಕೆದಕಿ ಕೆದಕಿ ಪ್ರಶ್ನೆ ಕೇಳುವುದು, ಆರೋಪಿತರನ್ನು ನೀವೇ ವಿಚಾರಿಸುವುದು ಎರಡೂ ತಪ್ಪು, ಅವಳ ಅಪಾಯ ಹೆಚ್ಚುತ್ತದೆ. ಅವಳ ಮಾತುಗಳನ್ನು ಅವಳ ಪದಗಳಲ್ಲೇ ಬರೆದು, ಅದಕ್ಕೆಂದು ಮೊದಲೇ ನೇಮಿಸಿದ ವ್ಯಕ್ತಿಗೆ ಅದೇ ದಿನ ತಲುಪಿಸಿ. ಮಕ್ಕಳ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲೆ ಮೊದಲ ದಿನದಿಂದಲೇ ಇರಲಿ.

ಬರುವುದು ನಿಲ್ಲಿಸಿದವರು, ಶಾಲೆಯನ್ನೇ ಬಿಟ್ಟವರು

ಎರಡನೇ ಗೈರಿನ ದಿನವೇ ಮನೆಗೆ ಕರೆ ಮಾಡಿ. ನಾಲ್ಕನೆಯದರವರೆಗೆ ಕಾದರೆ ವಾಪಸಾಗುವುದು ಅಪರೂಪ. "ಯಾಕೆ ಬರಲಿಲ್ಲ" ಎನ್ನುವ ಬದಲು "ನಿನ್ನ ಜೋಡಿ ಒಬ್ಬಳೇ ಕೂತಿದ್ದಳು, ಶುಕ್ರವಾರ ಬರಲು ಏನು ಬೇಕು?" ಎಂದು ಕೇಳಿ. ಚಿಕ್ಕ ತಮ್ಮನನ್ನು ನೋಡಿಕೊಳ್ಳಬೇಕು ಎಂದರೆ ಕರೆದುಕೊಂಡೇ ಬರಲಿ, ಮೂಲೆಯಲ್ಲಿ ಚಾಪೆ, ಬಣ್ಣದ ಕಡ್ಡಿ, ಕಾಗದ ಇಡಿ, ಅವನನ್ನು ನೋಡಿಕೊಳ್ಳಲು ಒಬ್ಬರನ್ನು ಕೂರಿಸಿ. ಸಣ್ಣ ಏರ್ಪಾಡು, ಆದರೆ ಇದಿಲ್ಲದೆ ಹೋದರೆ ಮನೆಯ ಹಿರಿಯ ಮಗಳು ಯಾವ ಕಾರ್ಯಕ್ರಮಕ್ಕೂ ಬರಲಾರಳು.

ಶಾಲೆ ಬಿಟ್ಟವರನ್ನು ಮುಟ್ಟಬೇಕಾದರೆ ನೀವೇ ಅವರಿರುವ ಕಡೆ ಹೋಗಬೇಕು. ಉಗಾಂಡದಲ್ಲಿ ಬಾಂಗ್ಲಾದೇಶ ಮೂಲದ ಸ್ವಯಂಸೇವಾ ಸಂಸ್ಥೆ ಬ್ರ್ಯಾಕ್ 2008ರಿಂದ ನಡೆಸಿದ ಹುಡುಗಿಯರ ಕ್ಲಬ್ಬುಗಳಿಂದ ಕಲಿಯುವುದು ಬಹಳವಿದೆ. ಅವು ಶಾಲೆಯ ಒಳಗಿರದೆ ಊರಿನೊಳಗಿದ್ದವು. ಓದುತ್ತಿರುವವರಿಗೂ ಬಿಟ್ಟವರಿಗೂ ತೆರೆದಿದ್ದವು. ವಾರಕ್ಕೆ ಐದು ಮಧ್ಯಾಹ್ನ ನಡೆಯುತ್ತಿದ್ದವು. ಅದೇ ಊರಿನ, ಅವರಿಗಿಂತ ತುಸು ದೊಡ್ಡ ಯುವತಿ ನಡೆಸುತ್ತಿದ್ದಳು. ದೇಹ, ಆರೋಗ್ಯ, ಮಾತುಕತೆಯ ಜೀವನ ಕೌಶಲಗಳನ್ನೂ ದುಡಿಮೆಯ ಕೌಶಲಗಳನ್ನೂ ಒಟ್ಟಿಗೇ ಕಲಿಸಿದರು. ನಾಲ್ಕು ವರ್ಷಗಳ ನಂತರ ಕ್ಲಬ್ಬುಗಳಿದ್ದ ಊರುಗಳಲ್ಲಿ, ಇಲ್ಲದ ಊರುಗಳಿಗೆ ಹೋಲಿಸಿದರೆ, ಹೆಚ್ಚು ಹುಡುಗಿಯರು ಸ್ವಂತ ದುಡಿಮೆಗೆ ಇಳಿದಿದ್ದರು, ಹದಿಹರೆಯದ ಗರ್ಭಧಾರಣೆ ಕಡಿಮೆಯಾಗಿತ್ತು. ಎರಡು ಬಗೆಯ ಕೌಶಲಗಳನ್ನು ಬೇರೆ ಬೇರೆ ಕಾರ್ಯಕ್ರಮಗಳಾಗಿ ಒಡೆಯಬೇಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಬದಲಾವಣೆ ಅಳೆಯುವುದು

"ನಿನಗೆ ಆತ್ಮವಿಶ್ವಾಸ ಇದೆಯಾ?" ಎಂಬ ಪ್ರಶ್ನೆಗೆ ಎಲ್ಲರೂ ಹೌದು ಎನ್ನುತ್ತಾರೆ. ಕೆಲಸ ಹಿಡಿದು ಕೇಳಿ: "ಯಾರ ಸಹಾಯವೂ ಇಲ್ಲದೆ ಪಂಕ್ಚರ್ ಹಾಕಬಲ್ಲೆ ಎಂಬುದಕ್ಕೆ 0ಯಿಂದ 10ರಲ್ಲಿ ಎಷ್ಟು?" ಇಂಥ ಐದು ಪ್ರಶ್ನೆ ಮೊದಲ ವಾರ, ಆರನೇ ವಾರ, ಕೊನೆಯ ವಾರ. ಮೊದಲ ವಾರದ ಅಂಕ ಅನೇಕ ಸಲ ಹೆಚ್ಚಿದ್ದು ಆರನೇ ವಾರಕ್ಕೆ ಇಳಿಯುತ್ತದೆ. ಗಾಬರಿಪಡಬೇಡಿ, ಕೆಲಸ ಎಷ್ಟು ಕಷ್ಟವೆಂದು ಆಗಷ್ಟೇ ಗೊತ್ತಾಗಿರುತ್ತದೆ. ಕೊನೆಯ ದಿನ "ಈಗ ಎಷ್ಟು?" ಎಂದು ಕೇಳಿದ ಮೇಲೆ "ಈಗ ಯೋಚಿಸಿದರೆ, ಮೊದಲ ದಿನ ನಿಜವಾಗಿ ಎಷ್ಟಿತ್ತು?" ಎಂದೂ ಕೇಳಿ. ಜೊತೆಗೆ ಎರಡು ವಾರಕ್ಕೊಮ್ಮೆ ಕೊನೆಯ 15 ನಿಮಿಷದ ಮಾತಿನಲ್ಲಿ ಯಾರು ಎಷ್ಟು ಸಲ ಬಾಯಿಬಿಟ್ಟರು ಎಂದು ಹೆಸರಿನ ಮುಂದೆ ಗೀಟು ಹಾಕಿ. ಸೊನ್ನೆ ಉಳಿದವರ ಹೆಸರು ಎದ್ದು ಕಾಣುತ್ತದೆ, ಮುಂದಿನ ಸಲ ಅವರಿಗೆ ಮೊದಲೇ "ಇವತ್ತು ನಿನ್ನ ತಂತಿಯ ವಿಷಯ ನೀನೇ ಹೇಳ್ತೀಯಾ?" ಎಂದು ಕೇಳಿಡಿ. ಥಟ್ಟನೆ ಹೆಸರು ಕೂಗಿ ಎಬ್ಬಿಸಬೇಡಿ.

ತೆರೆದ ದಿನ ಮತ್ತು ಆಮೇಲೆ

ಕೊನೆಯ ದಿನ ವೇದಿಕೆ, ಹಾರ, ಸ್ವಾಗತ ಭಾಷಣ ಯಾವುದೂ ಬೇಡ. ಮೇಜುಗಳನ್ನು ಸುತ್ತಲೂ ಹಾಕಿ. ಪ್ರತಿ ಹುಡುಗಿ ತನ್ನ ಮೇಜಿನ ಬಳಿ ನಿಂತು, ಬಂದವರ ಕೈಯಿಂದಲೇ ಕೆಲಸ ಮಾಡಿಸಲಿ. ಅಪ್ಪ ಟ್ಯೂಬ್ ಹಿಡಿದು ನಿಂತು "ಈಗೇನು ಮಾಡಲಿ?" ಎಂದು ಮಗಳನ್ನು ಕೇಳುವುದು ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಬಹುಮಾನ, ಮೊದಲ ಸ್ಥಾನ ಇಡಬೇಡಿ.

ಮುಂದಿನ ಗುಂಪಿಗೆ ಈ ಗುಂಪಿನಿಂದ ಇಬ್ಬರು ಮೂವರನ್ನು ಸಹಾಯಕಿಯರಾಗಿ ತೆಗೆದುಕೊಳ್ಳಿ. ಚೆನ್ನಾಗಿ ಮಾತಾಡುವವರನ್ನಷ್ಟೇ ಆರಿಸದೆ, ಶುರುವಿನಲ್ಲಿ ತುಂಬಾ ತಿಣುಕಿದವಳೊಬ್ಬಳಿರಲಿ. ಹೊಸಬರು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂದು ಅವಳಿಗೇ ಚೆನ್ನಾಗಿ ಗೊತ್ತು. ಹುಡುಗಿಯ ಕೈಯಿಂದ ಸಾಮಾನು ತೆಗೆದುಕೊಳ್ಳಬಾರದು ಎಂಬ ನಿಯಮ ಸಹಾಯಕಿಯರಿಗೂ ಅನ್ವಯ. ವಾರಕ್ಕೆ ಒಂದೇ ದಿನ ಸಾಕು, ಪರೀಕ್ಷೆ ಬಂದಾಗ ಪೂರ್ತಿ ಬಿಡುವು. ಗುಡಿಸುವುದು, ಹಂಚುವುದು, ಹಾಜರಿ ಬರೆಯುವುದಕ್ಕೆ ಅವರನ್ನು ಮೀಸಲು ಮಾಡಬೇಡಿ. ತಿಂಗಳಿಗೊಂದು ದಿನ ಅವರಿಗಷ್ಟೇ ಮುಂದಿನ ಹಂತದ ಹೊಸ ಕೆಲಸ ಕಲಿಸಿ.